ಮೂರು ರಾಜರನ್ನು ಕೆಳಗಿಟ್ಟ ಸೋಮವಾರ

ಕ್ಷೌರದಂಗಡಿಯಲ್ಲಿ ಅವನನ್ನು ಎಲ್ಲರೂ ಜಿಗಣೆ ಎಂದೇ ಕರೆಯುತ್ತಿದ್ದರು. ಅವನಿಗೇನೂ ಬೇಜಾರಿರಲಿಲ್ಲ, ಕರೆದರೆ ಓಗೊಡುತ್ತಿದ್ದ. ರಕ್ತ ಹೀರುವವನು ಎಂದಲ್ಲ, ಪಾಪ! ಗಿರಾಕಿಯ ಗಲ್ಲಕ್ಕೆ ಬ್ಲೇಡು ತಾಗಿ ಒಂದು ಹನಿ ಕಂಡರೆ ತಾನೇ ಕಣ್ಣು ಮುಚ್ಚಿಕೊಳ್ಳುವ ಮನುಷ್ಯ. ಹಿಡಿದದ್ದನ್ನು ಬಿಡುವುದಿಲ್ಲ, ಅಷ್ಟೇ ಅವನ ತೊಂದರೆ. ವಾದಕ್ಕೆ ನಿಂತರೆ ಎದುರಿನವರು ಎದ್ದುಹೋದ ಮೇಲೂ ಕನ್ನಡಿಯ ಜೊತೆ ಮುಂದುವರಿಸುತ್ತಿದ್ದ. ಇನ್ನು ಕತ್ತರಿ ಹಿಡಿದರಂತೂ ಕೇಳುವುದೇ ಬೇಡ.

ಹೆಡ್‌ಮೇಷ್ಟ್ರ ಮೀಸೆಯ ಕಥೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಶಾಲೆಯಿಂದ ನಿವೃತ್ತರಾಗುವ ದಿನ, ಗ್ರೂಪ್ ಫೋಟೋಕ್ಕೆ ಮುಂಚೆ ಸ್ವಲ್ಪ ಮೀಸೆ ಸರಿಮಾಡಿಸಿಕೊಳ್ಳೋಣ ಅಂತ ಅವರು ಬಂದಿದ್ದರು. ಜಿಗಣೆಗೆ ಎಡಗಡೆ ಒಂದು ಚೂರು ಹೆಚ್ಚಾಗಿ ಕಂಡಿತು, ತೆಗೆದ. ಈಗ ಬಲಗಡೆ ಹೆಚ್ಚೆನಿಸಿತು, ಅದನ್ನೂ ತೆಗೆದ. ಮತ್ತೆ ಎಡಗಡೆ. "ಇನ್ನೊಂದೇ ಒಂದು ಚೂರು ಮೇಷ್ಟ್ರೇ, ಅಲ್ಲಾಡಬೇಡಿ." ಮೊದಲ ಸಲ ಕತ್ತರಿ ಆಡಿಸಿದಾಗಲೇ ಮೀಸೆ ಚೆನ್ನಾಗಿತ್ತು, ಅಲ್ಲಿಗೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಡಲಿಲ್ಲ. ಕೊನೆಗೆ ಪೆನ್ಸಿಲಿನಲ್ಲಿ ಗೀಚಿ ಅಳಿಸಿದಷ್ಟು ಮಾತ್ರ ಮೂಗಿನ ಕೆಳಗೆ ಉಳಿಯಿತು. ಫೋಟೋದಲ್ಲಿ ಮೇಷ್ಟ್ರು ಏನೋ ಗಹನವಾಗಿ ಯೋಚಿಸುವವರ ಹಾಗೆ ತುಟಿಯ ಮೇಲೆ ಕೈಯಿಟ್ಟು ನಿಂತಿದ್ದಾರೆ. ಆಮೇಲೂ ಅವರು ಅದೇ ಅಂಗಡಿಗೆ ಬರುತ್ತಿದ್ದರು ಅನ್ನಿ, ತಲೆಗೂದಲನ್ನು ಜಿಗಣೆಯಷ್ಟು ಚೆನ್ನಾಗಿ ಕತ್ತರಿಸುವವರು ಸುತ್ತಮುತ್ತ ಇನ್ನೊಬ್ಬರಿರಲಿಲ್ಲ. ಆದರೆ ಕುರ್ಚಿಯಲ್ಲಿ ಕೂತ ಕೂಡಲೇ ಅಂಗೈಯಿಂದ ಮೀಸೆ ಮುಚ್ಚಿಕೊಳ್ಳುತ್ತಿದ್ದರು.

ಅಂಗಡಿ ಜಿಗಣೆಯದಲ್ಲ, ಮಾವನದು. ಮೂರು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಹಿಂದೆ ನೀರಿನ ತೊಟ್ಟಿ ಇರುವ ಪುಟ್ಟ ಕೋಣೆ, ಮೇಲೆ ಮನೆ. ಕಿಟಕಿ ಪಕ್ಕದ ಕುರ್ಚಿ ಮಾವನಿಗೆ ಮೀಸಲು. ಷಟರಿನ ಕೀಲಿಕೈ ಅವರ ಸೊಂಟದಲ್ಲಿ ಒಂದು ಹಳೇ ದಾರಕ್ಕೆ ನೇತಾಡುತ್ತಿತ್ತು. ಜಿಗಣೆ ಆ ಅಂಗಡಿಗೆ ಕೆಲಸ ಕಲಿಯಲು ಬಂದವನು, ಕಲಿತ, ಯಜಮಾನರ ಮಗಳನ್ನೇ ಮದುವೆಯಾದ, ತಲೆ ನರೆಯುವವರೆಗೂ ಅಲ್ಲೇ ನಿಂತ. ಆ ಕೀಲಿಕೈ ಒಂದಲ್ಲ ಒಂದು ದಿನ ತನ್ನ ಸೊಂಟಕ್ಕೆ ಬರುತ್ತದೆ ಎಂಬ ಆಸೆ ಅವನಿಗೆ ಎಷ್ಟಿತ್ತೆಂದರೆ, ಅದಕ್ಕೆಂದು ಒಂದು ಕೆಂಪು ಹೆಣಿಗೆ ದಾರ ಕೊಂಡು ಬಾಚಣಿಗೆಗಳ ಡ್ರಾಯರಿನಲ್ಲಿ, ಎಲ್ಲಕ್ಕಿಂತ ಕೆಳಗೆ, ಅಡಗಿಸಿ ಇಟ್ಟಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವುದಕ್ಕೆ ನಾಚಿಕೆ.

ಅವನ ಹೆಂಡತಿ ಕೌಂಟರಿನಲ್ಲಿ ಕೂರುತ್ತಿದ್ದಳು. ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಮಕ್ಕಳಿಗೆ ಕಟಿಂಗ್ ಮಾಡುವವಳೂ ಅವಳೇ. ಎಂಥ ರಚ್ಚೆ ಹಿಡಿಯುವ ಕೂಸಾದರೂ ಅವಳ ಮುಂದೆ ತಲೆ ಬಗ್ಗಿಸಿ ಕೂರುತ್ತಿತ್ತು. ಅವಳದು ಮೆಲುದನಿ. ಒಂದು ಮಾತನ್ನು ಒಮ್ಮೆ ಹೇಳುತ್ತಾಳೆ, ಕೇಳದಿದ್ದರೆ ಮತ್ತೆ ಹೇಳುವುದಿಲ್ಲ. ಒಂದು ಸಲ ಹೀಗೇ, "ಕನ್ನಡಿ ಹಿಂದೆ ಗೋಡೆ ತೇವ ಆಗಿದೆ, ಮೊಳೆ ಸಡಿಲ ಆಗಿರಬಹುದು" ಎಂದಿದ್ದಳು. ಜಿಗಣೆ, "ಅದು ನಿನ್ನ ಅಪ್ಪ ಹೊಡೆದ ಮೊಳೆ ಕಣೇ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ" ಎಂದು ನಕ್ಕಿದ್ದ. ಆ ವಾರವೇ ಕನ್ನಡಿ ಧೊಪ್ಪೆಂದು ಕೆಳಗೆ ಬಿತ್ತು. ಪುಣ್ಯಕ್ಕೆ ಕುರ್ಚಿಯಲ್ಲಿ ಯಾರೂ ಇರಲಿಲ್ಲ. 'ನಾನು ಹೇಳಿರಲಿಲ್ವಾ' ಎಂದು ಅವಳು ಒಂದು ಮಾತೂ ಆಡಲಿಲ್ಲ. ಪೊರಕೆ ತಂದಳು, ಗುಡಿಸಿದಳು.

ಸೋಮವಾರ ಅಂಗಡಿಗೆ ರಜೆ. ಆವತ್ತು ಮಧ್ಯಾಹ್ನ ಊಟವಾದ ಮೇಲೆ ಷಟರನ್ನು ಅರ್ಧಕ್ಕೆ ಇಳಿಸಿ ಒಳಗೆ ಪೋಕರ್ ಆಡುತ್ತಿದ್ದರು. ಮಾವ, ಜಿಗಣೆ, ಹೆಂಡತಿ, ಎದುರುಗಡೆಯ ಗಡಿಯಾರ ರಿಪೇರಿಯವನು, ಹೀಗೆ ನಾಲ್ವರು. ಪಣಕ್ಕೆ ದುಡ್ಡಲ್ಲ, ತಲೆಪಿನ್ನು. ಐದೈದು ಎಲೆ ಹಂಚುವುದು, ಬೇಡದ ಎಲೆಯನ್ನು ಒಂದು ಸಲ ಬದಲಿಸಿಕೊಳ್ಳುವುದು. ಬದಲಿಸುವ ಮುಂಚೆ ಒಂದೊಂದೇ ಪಿನ್ನು, ಬದಲಿಸಿದ ಮೇಲೆ ಎರಡೆರಡು. ಏರಿಸುವವರೂ ಹಿಂದಿನವರು ಕಟ್ಟಿದ್ದರ ಮೇಲೆ ಅದಕ್ಕಿಂತ ಹೆಚ್ಚು ಒಂದೇ ಸಲಕ್ಕೆ ಸೇರಿಸುವ ಹಾಗಿಲ್ಲ, ಇದು ಮಾವ ಮಾಡಿಟ್ಟ ಕಟ್ಟಳೆ. ಆಟ ಮುಗಿದಾಗ ಯಾರ ಮುಂದೆ ಪಿನ್ನು ಕಡಿಮೆಯೋ ಅವರು ಆ ವಾರದ ಟವೆಲುಗಳನ್ನೆಲ್ಲ ಒಗೆಯಬೇಕು.

ಟವೆಲು ಒಗೆಯುತ್ತಿದ್ದವನು ಯಾರು ಅಂತ ಬೇರೆ ಹೇಳಬೇಕೇ? ಎಲೆ ಕೆಟ್ಟದಾಗಿ ಬರುತ್ತಿದ್ದವು ಅಂತಲ್ಲ. ಒಳ್ಳೊಳ್ಳೆಯ ಎಲೆಗಳೇ ಬರುತ್ತಿದ್ದವು, ತೊಂದರೆ ಇದ್ದದ್ದು ಅಲ್ಲೇ. ಕೆಟ್ಟ ಎಲೆಯನ್ನು ಯಾರು ಬೇಕಾದರೂ ಎಸೆಯುತ್ತಾರೆ. ಎರಡು ಜೋಡಿಯೋ ಮೂರು ರಾಣಿಯೋ ಬಂತೆಂದರೆ ಜಿಗಣೆಗೆ ಎದುರಿನವರ ಮುಖವೇ ಕಾಣುತ್ತಿರಲಿಲ್ಲ. ಈ ಆಟದ ಮೋಸವೂ ಅಂಥದ್ದೇ ನೋಡಿ. ಇದ್ದದ್ದೆಲ್ಲ ಒಂದೇ ಸಲಕ್ಕೆ ಇಡು ಅಂದಿದ್ದರೆ ಮನುಷ್ಯ ಹೆದರಿ ಹಿಂದೆ ಸರಿಯುತ್ತಿದ್ದ. ಎರಡೇ ಪಿನ್ನು ತಾನೇ, ಹಾಕಿ ನೋಡಿಬಿಡೋಣ ಅನಿಸಿ ಅನಿಸಿಯೇ ಜಿಗಣೆಯ ಬೆರಳ ತುದಿಗಳು ವರ್ಷವಿಡೀ ಸೋಪಿನ ನೀರಿಗೆ ಸುಕ್ಕುಗಟ್ಟಿರುತ್ತಿದ್ದವು.

"ಅಳಿಯಂದ್ರೇ, ನಿಮ್ಮ ಎಲೆಯನ್ನ ಎಷ್ಟು ಸಲ ನೋಡಿದ್ರೂ ಅದೇ ಇರುತ್ತೆ" ಎಂದು ಮಾವ ಹೇಳುತ್ತಿದ್ದರು. "ಏರಿಸಿದವರು ಯಾರು ಅಂತ ನೋಡಿ. ಇವನು ಏರಿಸಿದ್ರೆ ಅದಕ್ಕೇನೂ ಅರ್ಥ ಇಲ್ಲ."

ಇವನು ಅಂದರೆ ಗಡಿಯಾರದವನು. ಕೈಯಲ್ಲಿ ಏನೂ ಇಲ್ಲದಿದ್ದರೂ ಮೀಸೆ ತಿರುವಿ ಏರಿಸುವವನು. ಮಾವ ಎರಡು ಜೋಡಿ ಇದ್ದರೆ ಏರಿಸುತ್ತಿದ್ದರು, ಇಲ್ಲದಿದ್ದರೆ ನಿದ್ದೆ ಮಾಡುತ್ತಿದ್ದರು. ಹೆಂಡತಿಯಂತೂ ಏರಿಸುತ್ತಲೇ ಇರಲಿಲ್ಲ. ಬೇರೆಯವರು ಕಟ್ಟಿದಷ್ಟು ಕಟ್ಟಿ ಸುಮ್ಮನೆ ಕೂರುವಳು, ಇಲ್ಲವೇ "ಪ್ಯಾಕ್" ಎಂದು ಎಲೆ ಕೆಳಗಿಟ್ಟು ಹೊಲಿಗೆ ಕೈಗೆತ್ತಿಕೊಳ್ಳುವಳು.

ಇಷ್ಟು ಗೊತ್ತಿದ್ದರೆ ಸಾಕು, ಆ ಸೋಮವಾರಕ್ಕೆ ಬರೋಣ.

ಬೆಳಿಗ್ಗೆ ಮೇಲಿನ ಮನೆಯಲ್ಲಿ ಬ್ರೆಡ್ಡು, ಚಹಾ ನಡೆದಿತ್ತು. ಮಾವ ಲೋಟ ಎತ್ತಿದಾಗ ಚಹಾ ತುಳುಕಿ ತಟ್ಟೆಗೆ ಬಿತ್ತು. ಅವರು ತಮ್ಮ ನಡುಗುವ ಕೈಯನ್ನು ಒಮ್ಮೆ ನೋಡಿಕೊಂಡರು.

"ಸಾಕಪ್ಪಾ, ಇನ್ನು ಈ ಕೈಯಲ್ಲಿ ಯಾರ ಕತ್ತಿನ ಹತ್ರಾನೂ ಹೋಗೋ ಹಾಗಿಲ್ಲ" ಎಂದರು. "ನಾಳೆಯಿಂದ ಕೀಲಿಕೈ ಯಾರ ಹತ್ರ ಇರ್ಬೇಕು, ಸಂಜೆ ಒಳಗೆ ತೀರ್ಮಾನ ಮಾಡೋಣ."

ಜಿಗಣೆ ಸೌಜನ್ಯಕ್ಕೆ ತಲೆ ಬಗ್ಗಿಸಿ ಕೂತ. ಆಗ ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ಚಾಕುವಿನ ಮೇಲಿಂದ ಕಣ್ಣೆತ್ತದೆ, "ಅಪ್ಪಾ, ನಾನು ನೋಡ್ಕೊಳ್ಳಲಾ?" ಎಂದಳು.

ಜಿಗಣೆ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನಾ? ಆ ಷಟರ್ ಎತ್ತೋಕೆ ನನ್ನ ಸೊಂಟಾನೇ ಉಳುಕುತ್ತೆ!" ಮಾವ ನಗಲಿಲ್ಲ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಳು ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಗಂಡನ ತಟ್ಟೆಗೆ ಹಾಕಿ ಎದ್ದುಹೋದಳು.

ಮಧ್ಯಾಹ್ನದ ಆಟದಲ್ಲಿ ಜಿಗಣೆಗೆ ಮನಸ್ಸು ನಿಲ್ಲಲಿಲ್ಲ. ಕಿಟಕಿ ಪಕ್ಕದ ಕುರ್ಚಿಯನ್ನು ನೋಡುವುದು, ಡ್ರಾಯರನ್ನು ನೋಡುವುದು, ಮಾವನ ಸೊಂಟವನ್ನು ನೋಡುವುದು. ಹೀಗೆ ನೋಡುತ್ತ ನೋಡುತ್ತ ಪಿನ್ನುಗಳು ಕರಗಿದವು. ಕೊನೆಯ ಆಟಕ್ಕೆ ಮಾವ ಎಲೆ ಹಂಚಿದರು. ಜಿಗಣೆ ಎತ್ತಿ ನೋಡಿದರೆ ಎರಡು ರಾಜ, ಎರಡು ಒಂಬತ್ತು, ಒಂದು ಉಪಯೋಗವಿಲ್ಲದ ನಾಲ್ಕು. ಮೊದಲ ಸುತ್ತಿಗೆ ಎಲ್ಲರೂ ಒಂದೊಂದು ಪಿನ್ನು ಹಾಕಿದರು. ಗಡಿಯಾರದವನು ಮೂರು ಎಲೆ ಬದಲಿಸಿದ. ಜಿಗಣೆ ಆ ನಾಲ್ಕನ್ನು ಎಸೆದು ಒಂದು ಎಲೆ ತೆಗೆದುಕೊಂಡ. ಹೆಂಡತಿಯೂ ಒಂದೇ ಎಲೆ ತೆಗೆದುಕೊಂಡಳು.

ಬಂದ ಎಲೆಯ ಮೂಲೆಯನ್ನು ಜಿಗಣೆ ಮೆಲ್ಲಗೆ ಎತ್ತಿದ. ಆಟೀನ್ ರಾಜ! ಮೂರು ರಾಜ, ಎರಡು ಒಂಬತ್ತು. ಫುಲ್ ಹೌಸ್! ಸೋಮವಾರಗಳ ಮೇಲೆ ಸೋಮವಾರ ಕಾದರೂ ಇಂಥ ಎಲೆ ಕಣ್ಣಿಗೆ ಬೀಳುವುದಿಲ್ಲ. ಅವನ ಕಿವಿ ಬಿಸಿಯಾಯಿತು. ಬೆಳಗಿನಿಂದ ಇದು ನನ್ನದೇ ದಿನ ಅಂದುಕೊಂಡ.

ಗಡಿಯಾರದವನು ಮೀಸೆ ತಿರುವಿ ಎರಡು ಪಿನ್ನು ಹಾಕಿದ. ಜಿಗಣೆ ಏರಿಸಿ ನಾಲ್ಕು ಹಾಕಿದ. ಇನ್ನು ಹೆಂಡತಿ ಪ್ಯಾಕ್ ಅನ್ನುತ್ತಾಳೆ, ಮಾವ ಆಗಲೇ ತೂಕಡಿಸುತ್ತಿದ್ದಾರೆ, ಗಡಿಯಾರದವನನ್ನು ಒಂದು ಕೈ ನೋಡಿಕೊಳ್ಳೋಣ ಎಂದು ಅವನು ತೋಳು ಮೇಲಕ್ಕೇರಿಸಿದ.

ಹೆಂಡತಿ ಹೊಲಿಗೆಯನ್ನು ಪಕ್ಕಕ್ಕಿಟ್ಟಳು. ಪಿನ್ನುಗಳನ್ನು ಎಣಿಸಿ ಮುಂದೆ ತಳ್ಳಿದಳು. ಆರು.

"ಏರಿಸಿದೀನಿ" ಎಂದಳು.

ಮಾವನಿಗೆ ಎಚ್ಚರವಾಯಿತು. ತಮ್ಮ ಎಲೆಗಳನ್ನು ನೋಡದೆಯೇ ಕೆಳಗಿಟ್ಟರು. ಗಡಿಯಾರದವನೂ ಕಣ್ಣು ಬಾಯಿ ಬಿಟ್ಟುಕೊಂಡು "ನಂದೂ ಪ್ಯಾಕ್" ಎಂದ. ಉಳಿದವರು ಗಂಡ, ಹೆಂಡತಿ.

"ಹಾಕಯ್ಯಾ ಜಿಗಣೆ!" ಗಡಿಯಾರದವನಿಗೆ ತನ್ನ ಆಟ ಮುಗಿದ ಮೇಲೆ ಉತ್ಸಾಹ ಜಾಸ್ತಿ. "ಇಷ್ಟು ಪಿನ್ನು ಮಧ್ಯದಲ್ಲಿ ಬಿದ್ದಿವೆ, ಇನ್ನೆರಡು ಹಾಕಿದ್ರೆ ನೋಡಬಹುದು. ಎರಡು ಪಿನ್ನಿಗೆ ಹೆಂಡತಿಗೆ ಹೆದರ್ತೀಯಾ?"

ಜಿಗಣೆಯ ಮುಂದೆ ಇದ್ದದ್ದು ಮೂರೇ ಪಿನ್ನು. ಬೆರಳುಗಳು ಅದರತ್ತ ತಾವಾಗಿಯೇ ಹೊರಟವು. ಇದನ್ನು ಹೊಡೆಯಬಲ್ಲ ಎಲೆ ಇಡೀ ಕಟ್ಟಿನಲ್ಲಿ ಎಷ್ಟಿರುತ್ತದೆ ಮಹಾ? ಎಂಥ ಹುಚ್ಚನಾದರೂ ಹಾಕುತ್ತಾನೆ. ಎರಡೇ ಎರಡು. ಇನ್ನೊಂದೇ ಒಂದು ಚೂರು.

ಆ ಮಾತು ತಲೆಗೆ ಬಂದದ್ದೇ ತಡ, ಮೇಷ್ಟ್ರ ಬೋಳು ತುಟಿ ಕಣ್ಣ ಮುಂದೆ ಬಂದು ನಿಂತಿತು. ಜಿಗಣೆಯ ಬೆರಳು ಪಿನ್ನಿನ ಮೇಲೆ ನಿಂತುಬಿಟ್ಟಿತು. ಅವನು ಮೊದಲ ಬಾರಿಗೆ ತನ್ನ ಎಲೆ ಬಿಟ್ಟು ಹೆಂಡತಿಯ ಮುಖ ನೋಡಿದ. ಅವಳು ಮೀಸೆ ತಿರುವುವವಳಲ್ಲ, ಹೆದರಿಸುವವಳಲ್ಲ, ಯಾರನ್ನೋ ಆಟ ಆಡಿಸಬೇಕೆಂದು ಏರಿಸುವವಳೂ ಅಲ್ಲ. ಗಡಿಯಾರದವನು ಕಟ್ಟಿದ್ದು, ತಾನು ಏರಿಸಿದ್ದು ಎರಡನ್ನೂ ಕಣ್ಣಾರೆ ನೋಡಿ, ಅದರ ಮೇಲೂ ಏರಿಸಿದ್ದಾಳೆ. ಗೋಡೆ ತೇವ ಆಗಿದೆ ಅಂದಾಗಲೂ ಅವಳ ಮುಖ ಹೀಗೇ ಇತ್ತು.

"ಪ್ಯಾಕ್" ಎಂದ ಜಿಗಣೆ.

ಮೂರು ರಾಜರನ್ನೂ ಎರಡು ಒಂಬತ್ತನ್ನೂ ಮೇಲ್ಮುಖವಾಗಿ ಇಟ್ಟ. ಗಡಿಯಾರದವನು ತಲೆ ತಲೆ ಚಚ್ಚಿಕೊಂಡ. "ಅಯ್ಯೋ ನಿನ್ನ! ಫುಲ್ ಹೌಸ್ ಇಟ್ಕೊಂಡು ಬಿಡ್ತಾರೇನಯ್ಯಾ? ಜ್ವರ ಗಿರ ಬಂದಿದೆಯಾ?"

ತೋರಿಸಬೇಕೆಂದೇನೂ ಇರಲಿಲ್ಲ, ಆದರೂ ಹೆಂಡತಿ ಎಲೆಗಳನ್ನು ತಿರುಗಿಸಿದಳು. ಏಳು, ಏಳು, ಏಳು, ಏಳು. ಫುಲ್ ಹೌಸನ್ನೂ ಹೊಡೆಯುವ ನಾಲ್ಕೂ ಏಳು ಸಾಲಾಗಿ ಕೂತಿದ್ದವು.

ಅಂಗಡಿಯಲ್ಲಿ ಎದ್ದ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರು ಬಗ್ಗಿ ಷಟರಿನ ಕೆಳಗಿಂದ ಇಣುಕಿದರು. ಮಾವ ಮೇಜು ಗುದ್ದಿ ಗುದ್ದಿ ನಕ್ಕರು. ಪಿನ್ನು ಎಣಿಸಿದರೆ ಜಿಗಣೆಯ ಹತ್ತಿರ ಮೂರು, ಗಡಿಯಾರದವನ ಹತ್ತಿರ ಎರಡು! ಗಡಿಯಾರದವನ ಮುಖ ಹುಳ್ಳಗಾಯಿತು. ಇಡೀ ವಾರದ ಟವೆಲಿನ ಬುಟ್ಟಿಯನ್ನು ಜಿಗಣೆ ತಾನೇ ಹೊತ್ತು ತಂದು ಅವನ ಮಡಿಲಿಗಿಟ್ಟ. "ಬಿಸಿನೀರಲ್ಲಿ ನೆನೆಸಣ್ಣಾ, ಕತ್ತಿಗೆ ಸುತ್ತೋ ಪಟ್ಟಿಗಳು ಬೇರೆ ಇದಾವೆ" ಎಂದು ಉಪದೇಶವನ್ನೂ ಕೊಟ್ಟ. ಇಷ್ಟು ವರ್ಷದಲ್ಲಿ ಅಂಥ ಸುಖ ಅವನಿಗೆ ಸಿಕ್ಕಿರಲಿಲ್ಲ.

ಸುಖ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗಡಿಯಾರದವನು ಬುಟ್ಟಿ ಹೊತ್ತು ಹೋದ ಮೇಲೆ ಜಿಗಣೆ ಎಲೆಗಳನ್ನು ಕಟ್ಟಿಡುತ್ತಿದ್ದ. ಕೈಗೆ ಆ ಏಳು ಸಿಕ್ಕಿತು. ಬೆಳಗಿನ ಮಾತು ನೆನಪಾಯಿತು. 'ಅಪ್ಪಾ, ನಾನು ನೋಡ್ಕೊಳ್ಳಲಾ?' ಅದೂ ಏರಿಸಿದ್ದೇ ಅಲ್ಲವೇ! ಅದೇ ಹೆಂಗಸು, ಅದೇ ದನಿ. ತಾನು ಹಿ ಹಿ ಎಂದು ನಕ್ಕಿದ್ದ.

ಹೆಂಡತಿ ಹಿಂದಿನ ಕೋಣೆಯಲ್ಲಿ ಚಹಾದ ಲೋಟ ತೊಳೆಯುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ.

"ಬೆಳಿಗ್ಗೆ ಅಂದ್ಯಲ್ಲ, ಕೀಲಿಕೈ ವಿಷಯ. ಅದು ತಮಾಷೆಗಾ?"

"ನಾನು ಯಾವತ್ತು ರೀ ತಮಾಷೆ ಮಾಡಿದೀನಿ?"

"ಹಂಗಾದ್ರೆ ನಿನ್ನ ಎಲೆ ತೋರಿಸು."

ಅವಳು ಕೈ ಒರೆಸಿಕೊಂಡಳು. ಒಮ್ಮೆ ಹೊರಗೆ, ಅಪ್ಪ ಕೂತಿದ್ದ ಕಡೆ ನೋಡಿದಳು. ಆಮೇಲೆ ಹೇಳಿದಳು. ಮಕ್ಕಳನ್ನು ಕರೆತರುವ ತಾಯಂದಿರು ಗಂಡಸರ ಮಧ್ಯೆ ಕೂರಲಾರದೆ ಬಿಸಿಲಲ್ಲಿ ನಿಲ್ಲುತ್ತಾರೆ. ತಮಗೂ ಕೂದಲು ಕತ್ತರಿಸಿಕೊಡು ಎಂದು ಎಷ್ಟೋ ಜನ ಕೇಳಿದ್ದಾರೆ. ಪಕ್ಕದ ಮಳಿಗೆ ಖಾಲಿಯಾಗಿದೆ, ಅದರ ಮಾಲೀಕಳ ಜೊತೆ ಮಾತಾಡಿಯಾಗಿದೆ, ನಡುವಿನ ಗೋಡೆ ಒಡೆಯಲು ಅವಳು ಒಪ್ಪಿದ್ದಾಳೆ. ಎರಡು ಕುರ್ಚಿ ಎಲ್ಲಿ ಬರಬೇಕು, ನೀರಿನ ಕೊಳವೆ ಎಲ್ಲಿಂದ ಎಳೆಯಬೇಕು ಎಲ್ಲ ನೋಡಿಟ್ಟಿದ್ದಾಳೆ. ಹೆಂಡತಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಜಿಗಣೆ ಮದುವೆಯಾದ ಮೇಲೆ ಕೇಳಿರಲಿಲ್ಲ.

"ಇನ್ನೊಂದು ಮಾತು" ಎಂದಳು. "ನಿಮಗೆ ಬೇಜಾರಾಗಬಾರದು. ಯಜಮಾನ ಆದ್ರೆ ಅರ್ಧ ದಿನ ಕತ್ತರಿ ಕೆಳಗಿಡಬೇಕಾಗುತ್ತೆ. ಅಂಗಡಿಗೆ ಬಂದವರ ಹತ್ರ ಮಾತು, ಸಾಮಾನಿನವರ ಹತ್ರ ಜಗಳ. ಅದು ನಿಮಗೆ ಇಷ್ಟಾನಾ, ಇಲ್ಲ ಕೀಲಿಕೈ ಇಷ್ಟಾನಾ?"

ಜಿಗಣೆಗೆ ಬೇಜಾರಾಯಿತು. ಆಗಲಿಲ್ಲ ಎಂದರೆ ಸುಳ್ಳು. ತನ್ನ ಹಕ್ಕೇನು ಸಣ್ಣದೇ? ಇಷ್ಟು ವರ್ಷ ನಿಂತು ಕಾಲು ಊದಿಸಿಕೊಂಡವನು ತಾನು. ಕೇಳಿದರೆ ಮಾವ ಇಲ್ಲ ಅನ್ನುವುದಿಲ್ಲ, ಬೀದಿಯವರೆಲ್ಲ ಹೌದು ಅನ್ನುತ್ತಾರೆ. ಎಲೆ ಗಟ್ಟಿಯಾಗಿಯೇ ಇತ್ತು. ಎದುರಿಗಿರುವ ಎಲೆ ಇನ್ನೂ ಗಟ್ಟಿ, ಅದೂ ಈಗ ಕಣ್ಣಿಗೆ ಕಾಣುತ್ತಿತ್ತು. ಅವನು ಡ್ರಾಯರಿನ ಹತ್ತಿರ ಹೋಗಿ ಬಾಚಣಿಗೆಗಳನ್ನೆಲ್ಲ ಸರಿಸಿ, ಕೆಂಪು ದಾರ ತೆಗೆದು, ಸೀದಾ ಮಾವನ ಮುಂದೆ ಬಂದು ನಿಂತ.

"ಮಾವ, ಆ ಹಳೇ ದಾರ ಇಂದೋ ನಾಳೆಯೋ ಕಿತ್ತುಹೋಗುತ್ತೆ. ಇದರಲ್ಲಿ ಹಾಕಿ ನಿಮ್ಮ ಮಗಳಿಗೆ ಕೊಡಿ."

ಮಾವ ದಾರವನ್ನೂ ಅಳಿಯನನ್ನೂ ನೋಡಿದರು. ಕೀಲಿಕೈ ಬಿಚ್ಚಲು ಅವರ ನಡುಗುವ ಬೆರಳಿಗೆ ತುಂಬ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ.

"ನಾನೇ ಹೇಳಿದ್ರೆ ಮಗಳ ಪರ ಅಂತ ಆಗ್ತಿತ್ತು ಅಳಿಯಂದ್ರೇ" ಎಂದರು. "ನಿಮ್ಮ ಬಾಯಿಂದ ಬರಲಿ ಅಂತ ಬೆಳಗಿನಿಂದ ಕಾಯ್ತಾ ಇದ್ದೆ. ಬರಲ್ಲ ಅಂದ್ಕೊಂಡಿದ್ದೆ, ಕ್ಷಮಿಸಿ." ಆಮೇಲೆ ಕಿಟಕಿ ಪಕ್ಕದ ಕುರ್ಚಿ ತೋರಿಸಿ, "ಅದು ಮಾತ್ರ ನಿಮ್ಮದು" ಎಂದರು.

ಹೆಂಡತಿ ಕೆಂಪು ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, "ಯಾವಾಗ ತಂದಿದ್ರಿ ಇದನ್ನ?" ಎಂದಳು. ಜಿಗಣೆ ಕಿವಿ ಕೆರೆದುಕೊಂಡ.

ಮಾರನೇ ದಿನ ಬೆಳಿಗ್ಗೆ ಬೀಗ ತೆಗೆದವಳು ಅವಳೇ. ಆ ಬೀಗ ಮೊದಲಿನಿಂದಲೂ ಹಠಮಾರಿ. ಷಟರನ್ನು ಮೊಣಕಾಲಿನಿಂದ ಒತ್ತಿ, ಕೀಲಿಕೈಯನ್ನು ಕೊಂಚ ಮೇಲೆತ್ತಿ ತಿರುಗಿಸಬೇಕು. ಜಿಗಣೆಗೆ ಆ ಗುಟ್ಟು ಗೊತ್ತು. ಅವಳು ಒಮ್ಮೆ ತಿರುಗಿಸಿದಳು, ಬರಲಿಲ್ಲ. ಮತ್ತೊಮ್ಮೆ, ಬರಲಿಲ್ಲ. ಅವನ ಕೈ ತುರಿಸಿತು, ನಾಲಿಗೆ ತುರಿಸಿತು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಕಾಶ ನೋಡುತ್ತ ನಿಂತ.

"ಹೇಳ್ಬೇಡಿ" ಎಂದಳು ಅವಳು ತಿರುಗದೆ.

"ನಾನೆಲ್ಲಿ ಏನು ಹೇಳಿದೆ?"

"ಉಸಿರಲ್ಲೇ ಹೇಳ್ತಾ ಇದೀರಿ."

ಬೀಗ ಕಟಕ್ಕೆಂದಿತು. ಷಟರು ಗಡಗಡ ಮೇಲೆದ್ದಿತು. ಅವಳು ಒಳಗೆ ಹೋಗಿ ದೀಪ ಹಾಕಿ, ಕೌಂಟರಿನ ಹಿಂದೆ ನಿಂತು, "ಬನ್ನಿ ಒಳಗೆ. ಮೊದಲನೇ ದಿನವೇ ಹೊರಗೆ ನಿಂತಿದ್ರೆ ಹೇಗೆ?" ಎಂದಳು.

ಮೊದಲ ಗಿರಾಕಿ ಹೆಡ್‌ಮೇಷ್ಟ್ರು. ಸುದ್ದಿ ಅವರಿಗೆ ಗಡಿಯಾರದವನಿಂದ ತಲುಪಿತ್ತು. ಅವನು ಬೆಳಿಗ್ಗೆಯೇ ತನ್ನ ಅಂಗಡಿಯ ಮುಂದೆ ಟವೆಲು ಒಣಹಾಕುತ್ತ, ಬಂದವರಿಗೆಲ್ಲ ಮೂರು ರಾಜ, ನಾಲ್ಕು ಏಳರ ಕಥೆ ಹೇಳುತ್ತಿದ್ದ. ಮೇಷ್ಟ್ರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಆವತ್ತು ಮೀಸೆಗೆ ಕೈ ಅಡ್ಡ ಇಡಲಿಲ್ಲ.

"ಫುಲ್ ಹೌಸ್ ಬಿಟ್ಟೆಯಂತೆ?" ಎಂದರು. "ಹಂಗಾದ್ರೆ ಧೈರ್ಯ ಮಾಡ್ತೀನಿ. ಮೀಸೆ ಸ್ವಲ್ಪ ಸರಿಮಾಡು." ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

ಜಿಗಣೆ ಎಡಗಡೆ ಕತ್ತರಿ ಆಡಿಸಿದ, ಬಲಗಡೆ ಆಡಿಸಿದ. ಹಿಂದೆ ಸರಿದು ನೋಡಿದ. ಚೆನ್ನಾಗಿತ್ತು. ಎಡಗಡೆ ಒಂದು ಚೂರು, ಒಂದೇ ಒಂದು ಚೂರು ಹೆಚ್ಚಿತ್ತು. ಕತ್ತರಿ ಮೇಲೆದ್ದಿತು. ಅವನು ಕೌಂಟರಿನ ಕಡೆ ನೋಡಿದ, ಬೇಡ ಎಂದು ಅವಳು ಅಲ್ಲಿಂದ ಕೆಮ್ಮಬಹುದೇನೋ ಅಂತ. ಅವಳು ಇತ್ತ ನೋಡುತ್ತಲೇ ಇರಲಿಲ್ಲ. ಪಕ್ಕದ ಮಳಿಗೆಯ ಗೋಡೆಗೆ ಕಿವಿಯಿಟ್ಟು, ಎಲ್ಲಿಂದ ಒಡೆಯಬೇಕೆಂದು ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದಳು.

ಜಿಗಣೆ ಕತ್ತರಿಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇಟ್ಟ. "ಆಯ್ತು ಮೇಷ್ಟ್ರೇ" ಎಂದ.

ಮೇಷ್ಟ್ರು ಕಣ್ಣು ತೆರೆಯಲಿಲ್ಲ. ಮೊದಲು ಒಂದು ಬೆರಳು ಮೆಲ್ಲಗೆ ಮೂಗಿನ ಕೆಳಗೆ ಹೋಯಿತು, ಎಡಕ್ಕೆ ಸವರಿತು, ಬಲಕ್ಕೆ ಸವರಿತು.

"ಇದೆ!" ಎಂದರು ಮೇಷ್ಟ್ರು.